ವರ್ಕಿಂಗ್ ಕಾಕರ್ ಮರಿಗೆ ಓಟ ಕಡಿಮೆ ಮಾಡಿ, ಮೂಗಿಗೆ ಕೆಲಸ ಕೊಡಿ

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮನೆಯಲ್ಲಿ ಐದು ತಿಂಗಳ ವರ್ಕಿಂಗ್ ಕಾಕರ್ ಸ್ಪ್ಯಾನಿಯಲ್ ಗಂಡು ಮರಿ ಇದೆ. ಶ್ರಾಪ್‌ಶೈರ್ ಕಡೆಯ ಒಬ್ಬ ಗೇಮ್‌ಕೀಪರ್ (ಬೇಟೆಯ ಹಕ್ಕಿಗಳನ್ನು ನೋಡಿಕೊಳ್ಳುವವರು) ಹತ್ತಿರ ತಂದಿದ್ದು, ಹೆಸರು ಬೆಲ್ಲ. ಬಹಳ ಮುದ್ದು, ಆದರೆ ಸುಸ್ತು ಅನ್ನೋದೇ ಇಲ್ಲ. ಯಜಮಾನರು (ಬಾಗಲಕೋಟೆ ಜಿಲ್ಲೆಯವರು) ದಿನಾ ಸಂಜೆ ಒಂದು ಗಂಟೆ ಪಾರ್ಕಿನಲ್ಲಿ ಚೆಂಡು ಎಸೆದು ಓಡಿಸುತ್ತಾರೆ. ಮನೆಗೆ ಬಂದ ಮೇಲೆ ಇನ್ನೂ ಜಾಸ್ತಿ ಕುಣಿಯುತ್ತೆ, ಮಕ್ಕಳ (6 ಮತ್ತು 9 ವರ್ಷ) ಕಾಲಿಗೆ ಬಾಯಿ ಹಾಕುತ್ತೆ. ಹೊರಗೆ ಬಿಟ್ಟರೆ ಮೂಗು ನೆಲಕ್ಕೆ, ಕರೆದರೆ ಕಿವಿಗೇ ಹಾಕಿಕೊಳ್ಳಲ್ಲ. ಸಾಕ್ಸ್ ಕದ್ದು ಟೇಬಲ್ ಕೆಳಗೆ ಸೇರುತ್ತೆ. ಹೋದ ವಾರ ಕಿತ್ತುಕೊಳ್ಳಲು ಹೋದರೆ ಗುರ್ ಅಂತು. ನಾವು ಸಸ್ಯಾಹಾರಿಗಳು, ಬೇಟೆ ಗೀಟೆ ಮಾಡಿಸುವವರಲ್ಲ. ಇಂಥ ನಾಯಿಯನ್ನು ಮನೆಯಲ್ಲಿ ಸಾಕೋಕೆ ಆಗುತ್ತಾ? ವಾಪಸ್ ಕೊಡಬೇಕಾ?

ಉತ್ತರ: ವಾಪಸ್ ಕೊಡುವ ಮಾತು ಸದ್ಯಕ್ಕೆ ಬೇಡ. ನೀವು ಬರೆದಿದ್ದನ್ನೆಲ್ಲ ಓದಿದೆ, ಈ ತಳಿಯ ಐದು ತಿಂಗಳ ಮರಿ ಮಾಡುವ ಕೆಲಸಗಳೇ ಅವು. ಗುರ್ ಅಂದಿದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ, ಆ ವಿಷಯಕ್ಕೆ ಮುಂದೆ ಬರುತ್ತೇನೆ. ಇವತ್ತು ಸಂಜೆಯಿಂದ ಒಂದು ಕೆಲಸ ಮಾಡಿ: ಆ ಚೆಂಡನ್ನೂ, ಚೆಂಡು ಎಸೆಯುವ ಪ್ಲಾಸ್ಟಿಕ್ ಕೋಲನ್ನೂ ಎತ್ತಿ ಕಪಾಟಿನ ಮೇಲಿಡಿ.

ಯಾಕೆ ಅಂತ ಹೇಳಬೇಕಾದರೆ ಬೆಲ್ಲನ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಿದ್ದರು ಅನ್ನೋದರಿಂದ ಶುರು ಮಾಡಬೇಕು. ಕಾಕರ್‌ಗಳಲ್ಲಿ ಈಗ ಎರಡು ಸಾಲು ಇವೆ. ಒಂದು ಡಾಗ್ ಶೋಗಳಿಗಾಗಿ ಬೆಳೆಸಿದ್ದು: ಉದ್ದ ಕಿವಿ, ದಟ್ಟ ಕೂದಲು, ಸ್ವಲ್ಪ ಭಾರದ ಮೈ. ಬೆಂಗಳೂರಿನಲ್ಲಿ ನಮ್ಮ ಜನ ಕಾಕರ್ ಅಂದಾಗ ಕಣ್ಣಮುಂದೆ ಬರುವುದು ಹೆಚ್ಚಾಗಿ ಇದೇ. ಇನ್ನೊಂದು ಬೇಟೆ ಕೆಲಸಕ್ಕೇ ಅಂತ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು: ಸಣ್ಣ ಕಿವಿ, ಕಡಿಮೆ ಕೂದಲು, ಹಗುರ ಮೈ, ಜಾಸ್ತಿ ಚುರುಕು. ಕೆನೆಲ್ ಕ್ಲಬ್ ದಾಖಲೆಯಲ್ಲಿ ಎರಡೂ ಒಂದೇ ತಳಿ, ಮನೆಯಲ್ಲಿ ಸಾಕುವವರಿಗೆ ಎರಡೂ ಬೇರೆ ಬೇರೆ ನಾಯಿಗಳೇ ಅನ್ನಬಹುದು. ನಿಮ್ಮ ಮರಿಯ ವಂಶಾವಳಿ ಕಾಗದ ತೆಗೆದು ನೋಡಿ. ಹೆಸರುಗಳ ಮೊದಲಿಗೆ ಎಫ್‌ಟಿಸಿಎಚ್ ಅಂತ ಕೆಂಪು ಅಕ್ಷರದಲ್ಲಿದ್ದರೆ ಅವು ಫೀಲ್ಡ್ ಟ್ರಯಲ್ (ಬೇಟೆ ಕೆಲಸದ ಸ್ಪರ್ಧೆ) ಚಾಂಪಿಯನ್‌ಗಳು. ಅಂಥ ಹೆಸರು ಜಾಸ್ತಿ ಇದ್ದಷ್ಟೂ ನಿಮ್ಮ ಅಡುಗೆಮನೆಯಲ್ಲಿ ಕುಣಿಯುತ್ತಿರುವ ಮರಿಗೆ ಹುಡುಕುವ ಹುಚ್ಚು ಜಾಸ್ತಿ.

ಸ್ಪ್ಯಾನಿಯಲ್ ಕೆಲಸ ಏನು ಅಂದರೆ, ಬಂದೂಕು ಹಿಡಿದವನ ಮುಂದೆ ಇಪ್ಪತ್ತು ಮೂವತ್ತು ಮೀಟರಿನೊಳಗೆ ಎಡಕ್ಕೂ ಬಲಕ್ಕೂ ಪೊದೆಗಳಲ್ಲಿ ನುಗ್ಗಿ ವಾಸನೆ ಹಿಡಿಯೋದು, ಫೆಸೆಂಟ್ ಹಕ್ಕಿಯನ್ನು ಎಬ್ಬಿಸೋದು, ಹಕ್ಕಿ ಪುರ್ರೆಂದು ಹಾರಿದ ಕ್ಷಣವೇ ಅಲ್ಲೇ ಕೂತುಬಿಡೋದು, ಹೇಳಿದ ಮೇಲೆ ಮಾತ್ರ ಹೋಗಿ ಬಿದ್ದ ಹಕ್ಕಿಯನ್ನು ಮೆತ್ತಗೆ ಕಚ್ಚಿ ತಂದುಕೊಡೋದು. ನಿಮ್ಮ ಯಜಮಾನರು ಬಾಗಲಕೋಟೆ ಜಿಲ್ಲೆಯವರು ಅಂತ ಬರೆದಿದ್ದೀರಿ, ಅವರಿಗೆ ಮುಧೋಳ ನಾಯಿ ಗೊತ್ತಿರುತ್ತದೆ. ಮುಧೋಳ ನಾಯಿ ಕಣ್ಣಿಗೆ ಬಿದ್ದ ಮೊಲದ ಬೆನ್ನು ಹತ್ತಿ ಬಯಲಿನಲ್ಲಿ ಓಡುವ ನಾಯಿ. ಸ್ಪ್ಯಾನಿಯಲ್ ಹಾಗಲ್ಲ. ಎದುರಿಗೆ ಏನಾದರೂ ಓಡಿದರೆ ಇದು ಕೂರಬೇಕು. ಕೆಲಸದ ಸ್ಪ್ಯಾನಿಯಲ್ ಕಲಿಯಬೇಕಾದ ಅತಿ ಕಷ್ಟದ ಪಾಠ ಅದೇ.

ಈಗ ಚೆಂಡಿನ ಆಟ ನೋಡಿ. ಚೆಂಡು ಹಾರಿತು, ಮರಿ ಹಿಂದೆಯೇ ಓಡಿತು. ಮತ್ತೆ ಹಾರಿತು, ಮತ್ತೆ ಓಡಿತು. ಒಂದು ಗಂಟೆಯಲ್ಲಿ ಎಷ್ಟು ಸಲ? ಅಷ್ಟೂ ಸಲ ‘ಅಲುಗಾಡಿದ್ದರ ಹಿಂದೆ ಓಡು’ ಅಂತಲೇ ಕಲಿಸಿದ ಹಾಗಾಯಿತು. ನಾಳೆ ಅಳಿಲು ಓಡಿದರೆ, ನಾಳಿದ್ದು ಸೈಕಲ್ ಹೋದರೆ, ಅದೇ ಪಾಠ ಉಪಯೋಗಕ್ಕೆ ಬರುತ್ತೆ. ಜೊತೆಗೆ, ಪ್ರತಿ ಸಲ ಜೋರಾಗಿ ಓಡಿ ಗಕ್ಕನೆ ತಿರುಗಿ ನಿಲ್ಲೋದು ಬೆಳೆಯುವ ಮೂಳೆ ಕೀಲುಗಳಿಗೆ ಒಳ್ಳೆಯದಲ್ಲ. ಅಷ್ಟು ಹೊತ್ತು ಉದ್ರೇಕದಲ್ಲಿದ್ದ ಮರಿ ಮನೆಗೆ ಬಂದ ತಕ್ಷಣ ಸುಮ್ಮನೆ ಮಲಗೋದೂ ಇಲ್ಲ, ಮಕ್ಕಳ ಕಾಲೇ ಮುಂದಿನ ಚೆಂಡು. ನೀವು ನೋಡುತ್ತಿರೋದು ಅದನ್ನೇ.

‘ಇನ್ನೂ ಓಡಿಸಿ, ದಿನಕ್ಕೆ ಎರಡು ಮೂರು ಗಂಟೆ ಬೇಕು’ ಅಂತ ಪಾರ್ಕಿನಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಆ ಮಾತು ಕೇಳಬೇಡಿ. ದಿನಾ ಜಾಸ್ತಿ ಓಡಿಸಿದರೆ ದಿನಾ ಜಾಸ್ತಿ ಓಡಬಲ್ಲ ನಾಯಿ ತಯಾರಾಗುತ್ತೆ, ಅಷ್ಟೇ. ಗೇಮ್‌ಕೀಪರ್ ಮನೆಗಳ ನಾಯಿಗಳು ಇಡೀ ದಿನ ಕೆಲಸ ಮಾಡುತ್ತವೆ ಅನ್ನೋ ಕಲ್ಪನೆಯೇ ತಪ್ಪು. ಇಂಗ್ಲೆಂಡಿನಲ್ಲಿ ಫೆಸೆಂಟ್ ಬೇಟೆ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಮಾತ್ರ. ಆ ದಿನಗಳಲ್ಲೂ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವವರೆಗೆ ನಾಯಿ ಕಾಯುತ್ತಾ ಕೂತಿರಬೇಕು. ಉಳಿದ ಕಾಲದಲ್ಲಿ ಹೆಚ್ಚು ಹೊತ್ತು ಕೆನೆಲ್‌ನಲ್ಲಿ ಮಲಗಿರುತ್ತೆ, ತರಬೇತಿ ಅಂತ ಹತ್ತು ಹದಿನೈದು ನಿಮಿಷ ಹೊರಗೆ ಬರುತ್ತೆ. ಬೇಕಾದಾಗ ಪೂರ್ತಿ ಕೆಲಸ, ಬೇಡದಾಗ ಪೂರ್ತಿ ವಿಶ್ರಾಂತಿ. ಮನೆಯಲ್ಲಿ ಸಾಕುವವರು ಮೊದಲ ಅರ್ಧ ಮಾತ್ರ ನೆನಪಿಟ್ಟುಕೊಂಡು ಎರಡನೆಯದನ್ನು ಕಲಿಸೋದೇ ಇಲ್ಲ.

ಹಾಗಾಗಿ ವಿಶ್ರಾಂತಿಯನ್ನೂ ಒಂದು ಪಾಠ ಅಂತಲೇ ಕಲಿಸಿ. ಈ ವಯಸ್ಸಿನ ಮರಿಗೆ ದಿನಕ್ಕೆ ಹದಿನೆಂಟು ಗಂಟೆಯ ಆಸುಪಾಸು ನಿದ್ದೆ ಬೇಕು. ಇಬ್ಬರು ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಅಷ್ಟು ನಿದ್ದೆ ಸಿಗುತ್ತಿದೆಯಾ, ಒಂದು ದಿನ ಬರೆದಿಟ್ಟು ನೋಡಿ. ಕ್ರೇಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೂಲೆಯಲ್ಲಿ ಒಂದು ಹಾಸಿಗೆ, ಸುತ್ತ ಬೇಲಿ. ಮಕ್ಕಳು ಸ್ಕೂಲಿನಿಂದ ಬರುವ ಮೂರೂವರೆ ಗಂಟೆಯ ಹೊತ್ತಿಗೆ ಮರಿ ಅಲ್ಲಿರಲಿ, ಬಾಯಿಗೆ ಫ್ರೀಜ್ ಮಾಡಿದ ಒಂದು ದಪ್ಪ ಕ್ಯಾರೆಟ್ ಕೊಡಿ. ಹಲ್ಲು ಬದಲಾಗುವ ವಯಸ್ಸು ಇದು, ವಸಡು ನೋಯುತ್ತಿರುತ್ತದೆ, ತಣ್ಣಗಿದ್ದದ್ದನ್ನು ಕಡಿದರೆ ಹಿತ. ಹೊರಗೆ ಹೋದಾಗಲೂ ಒಂದಷ್ಟು ಹೊತ್ತು ಬೆಂಚಿನ ಮೇಲೆ ಸುಮ್ನೆ ಕೂತುಬಿಡಿ. ಮರಿ ಎಳೆಯುತ್ತೆ, ಕುಂಯ್‌ಗುಡುತ್ತೆ, ನೀವು ಮಾತಾಡಿಸಬೇಡಿ. ನಿಟ್ಟುಸಿರು ಬಿಟ್ಟು ಮಲಗಿದ ತಕ್ಷಣ ಅದರ ಕಾಲ ಬಳಿ ನಾಯಿ ಊಟದ ಒಂದು ಒಣ ಕಾಳು ಇಡಿ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತೆ. ಸ್ಪ್ಯಾನಿಯಲ್ ಮರಿಗೆ ಇದು ದಿನದ ಅತಿ ದೊಡ್ಡ ಕೆಲಸ.

ಇನ್ನು ಮೂಗು. ಇದು ನನಗೆ ಅತ್ಯಂತ ಇಷ್ಟದ ಭಾಗ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೆಲ್ಲನ ಒಂದು ಹೊತ್ತಿನ ಊಟದ ಒಣ ಕಾಳನ್ನು ಜೇಬಿಗೆ ಹಾಕಿಕೊಳ್ಳಿ. ಪಾದ ಮುಚ್ಚುವಷ್ಟು ಹುಲ್ಲಿರುವ ಜಾಗಕ್ಕೆ ಹೋಗಿ. ಮೈಗೆ ಹಾರ್ನೆಸ್, ಅದಕ್ಕೆ ಹತ್ತು ಮೀಟರ್ ಉದ್ದದ ಹಗುರ ಹಗ್ಗ. ಗಾಳಿ ನಿಮ್ಮ ಮುಖಕ್ಕೆ ಬೀಸುವ ಹಾಗೆ ನಿಲ್ಲಿ. ಮರಿಯನ್ನು ಕೂರಿಸಿ, ಎಡಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ಎರಡು ಕಾಳು ಹಾಕಿ, ವಾಪಸ್ ಬಂದು ‘ಹುಡುಕು’ ಅನ್ನಿ. ಅದು ಹುಡುಕುತ್ತಿರುವಾಗ ನೀವು ಸದ್ದಿಲ್ಲದೆ ಬಲಕ್ಕೆ ಎರಡು ಕಾಳು ಹಾಕಿರಿ. ಎಡಗಡೆಯದು ಮುಗಿಸಿ ತಲೆ ಎತ್ತಿ ನಿಮ್ಮನ್ನು ನೋಡುವ ಒಂದು ಕ್ಷಣ ಬರುತ್ತೆ. ಆಗ ಬಾಯಲ್ಲಿ ‘ಪಿಪ್ ಪಿಪ್’ ಅಂತ ಎರಡು ಚಿಕ್ಕ ಸೀಟಿ, ಬಲಗೈ ಚಾಚಿ, ನೀವೂ ಎರಡು ಹೆಜ್ಜೆ ಬಲಕ್ಕೆ ನಡೆಯಿರಿ. ಮರಿ ನಿಮ್ಮ ಮುಂದೆ ಹಾದು ಬಲಕ್ಕೆ ಬರುತ್ತೆ, ಅಲ್ಲಿ ಅದಕ್ಕೆ ಸಿಗುತ್ತೆ. ಹೀಗೆ ಹಾವಿನ ಹಾಗೆ ಎಡ ಬಲ ಹೊರಳುತ್ತಾ ಮುಂದೆ ಹೋಗಿ. ಐದು ನಿಮಿಷ ಸಾಕು. ಕೆಲವು ದಿನಗಳಲ್ಲಿ ಅದರ ತಲೆಗೆ ಒಂದು ವಿಷಯ ಕೂರುತ್ತೆ: ಒಳ್ಳೆಯದೆಲ್ಲ ಅಮ್ಮನ ಹತ್ತಿರದಲ್ಲೇ ಸಿಗುತ್ತೆ, ದೂರ ಹೋದರೆ ಏನೂ ಇಲ್ಲ.

ಗಾಳಿಯ ಮಾತು ಯಾಕೆ ಹೇಳಿದೆ ಅಂದರೆ, ಗಾಳಿ ಎದುರಿದ್ದರೆ ವಾಸನೆ ಮುಂದಿನಿಂದ ಬರುತ್ತೆ, ಅದನ್ನು ಹಿಡಿಯಲು ಸ್ಪ್ಯಾನಿಯಲ್ ತಾನಾಗಿ ಎಡ ಬಲ ಓಡಾಡುತ್ತೆ, ಹತ್ತಿರದಲ್ಲೇ ಇರುತ್ತೆ. ಗಾಳಿ ಬೆನ್ನಿಗಿದ್ದರೆ ಅದು ನೇರ ಮುಂದೆ ದೂರ ಓಡಿ ಅಲ್ಲಿಂದ ನಿಮ್ಮ ಕಡೆಗೆ ಹುಡುಕುತ್ತಾ ಬರಲು ನೋಡುತ್ತೆ. ಅನುಭವಿ ನಾಯಿಗಳೂ ಹಾಗೇ ಮಾಡುತ್ತವೆ, ಮಾಡಲೇಬೇಕು. ಮನೆಯವರು ಮಾತ್ರ ‘ಇವತ್ತು ಮಾತೇ ಕೇಳಲಿಲ್ಲ, ಓಡಿಹೋಯಿತು’ ಅಂತ ಬೇಜಾರಾಗುತ್ತಾರೆ. ಬೆಲ್ಲ ಕರೆದರೆ ಬಾರದ ದಿನಗಳಲ್ಲಿ ಗಾಳಿ ಯಾವ ಕಡೆಯಿಂದಿತ್ತು ಅಂತ ಗಮನಿಸಿ. ಕಲಿಯುವ ಕಾಲದಲ್ಲಿ ವಾಕಿಂಗ್ ದಾರಿಯನ್ನೇ ಗಾಳಿಗೆ ಎದುರಾಗಿ ಆರಿಸಿಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತೆ.

ಕರೆಯೋದಕ್ಕೆ ಬಾಯಿಗಿಂತ ಸೀಟಿ ಒಳ್ಳೆಯದು. ಮನೆಯಲ್ಲಿ ನಾಲ್ಕು ಜನ ನಾಲ್ಕು ಥರ ಕರೆಯುತ್ತೀರಿ, ಸಿಟ್ಟು ಬಂದಾಗ ಐದನೆಯ ಥರ. ಸೀಟಿಯ ಸದ್ದು ಯಾರು ಊದಿದರೂ ಒಂದೇ. ಇಲ್ಲಿ ಸ್ಪ್ಯಾನಿಯಲ್‌ಗಳಿಗೆ ಬಹಳ ಜನ ಬಳಸೋದು ಆಕ್ಮಿ ಕಂಪನಿಯ 210.5 ನಂಬರಿನ ಸೀಟಿ. ಒಂದೇ ನಂಬರಿನದು ಎರಡು ತೆಗೆದುಕೊಳ್ಳಿ, ಒಂದು ಕಳೆದರೂ ಸದ್ದು ಬದಲಾಗಬಾರದು. ‘ಬಾ’ ಅನ್ನೋದಕ್ಕೆ ನಾಲ್ಕೈದು ಚಿಕ್ಕ ಪಿಪ್. ‘ಕೂರು’ ಅನ್ನೋದಕ್ಕೆ ಒಂದೇ ಉದ್ದನೆಯ ಪೀ. ಎರಡನ್ನೂ ಅಡುಗೆಮನೆಯಲ್ಲಿ ಕಲಿಸಿ, ಮೈದಾನದಲ್ಲಲ್ಲ. ಮರಿ ಪಕ್ಕದ ಕೋಣೆಯಲ್ಲಿರುವಾಗ ಪಿಪ್ ಪಿಪ್ ಪಿಪ್ ಪಿಪ್ ಊದಿ, ಓಡಿಬಂದರೆ ತಟ್ಟೆ ಕೆಳಗಿಡಿ. ಇನ್ನೊಂದು ಊಟಕ್ಕೆ, ತಟ್ಟೆ ಕೈಯಲ್ಲಿ ಎತ್ತರಕ್ಕೆ ಹಿಡಿಯಿರಿ, ಅದರ ಕುಂಡೆ ನೆಲಕ್ಕೆ ತಾಗುವಾಗ ಉದ್ದನೆಯ ಪೀ ಊದಿ, ತಟ್ಟೆ ಇಡಿ. ಎರಡು ವಾರ ಇದೇ. ಆಮೇಲೆ ಹಿತ್ತಲು, ಆಮೇಲೆ ಯಾರೂ ಇಲ್ಲದ ಮೈದಾನ, ಕೊನೆಗೆ ಪಾರ್ಕು. ಬರುತ್ತೆ ಅನ್ನೋ ನಂಬಿಕೆ ಇಲ್ಲದ ಕಡೆ ಸೀಟಿ ಊದಲೇಬೇಡಿ. ಅಲ್ಲಿ ಹಗ್ಗ ಹಿಡಿದು ಹತ್ತಿರ ಹೋಗಿ, ಬೈಯದೆ ಕರೆದುಕೊಂಡು ಬನ್ನಿ. ಕರೆದಾಗೆಲ್ಲ ಬೆಲ್ಟ್ ಹಾಕಿ ಮನೆಗೆ ಎಳೆದುಕೊಂಡು ಹೋಗುವ ಅಭ್ಯಾಸವೂ ಬೇಡ. ಹತ್ತು ಸಲ ಕರೆದರೆ ಎಂಟು ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಬಿಡಬೇಕು.

ವಸ್ತು ಎಸೆದು ತರಿಸುವ ಆಟ ಪೂರ್ತಿ ಬಿಡಬೇಕು ಅಂತ ನಾನು ಹೇಳುತ್ತಿಲ್ಲ, ಅದು ಅವರ ರಕ್ತದಲ್ಲಿದೆ. ರೀತಿ ಬದಲಾಯಿಸಿ. ಮರಿ ಕೂತಿರಲಿ, ನೀವು ನಡೆದುಹೋಗಿ ಟೆನ್ನಿಸ್ ಚೆಂಡನ್ನೋ ಹಕ್ಕಿಯ ಬದಲಿಗೆ ಬಳಸುವ ಒಂದು ಸಣ್ಣ ಬಟ್ಟೆ ಡಮ್ಮಿಯನ್ನೋ ಉದ್ದ ಹುಲ್ಲಿನಲ್ಲಿ ಬಚ್ಚಿಡಿ, ವಾಪಸ್ ಬನ್ನಿ, ಸ್ವಲ್ಪ ತಡೆದು ಕಳಿಸಿ. ಎಸೆದಾಗ ಹೆಚ್ಚು ಸಲ ನೀವೇ ಹೋಗಿ ಎತ್ತಿಕೊಳ್ಳಿ, ಅದು ಕೂತು ನೋಡಲಿ, ಕೂತದ್ದಕ್ಕೆ ಕಾಳು ಕೊಡಿ. ಒಂದು ಸಲಕ್ಕೆ ಎರಡು ಮೂರು ಹುಡುಕಾಟ ಸಾಕು. ಅಷ್ಟಕ್ಕೇ ಅದರ ತಲೆ ದಣಿದಿರುತ್ತೆ, ನಾಲಿಗೆ ಹೊರಗೆ ಹಾಕಿಕೊಂಡು ಒಂದು ಗಂಟೆ ಓಡಿದ್ದಕ್ಕಿಂತ ಚೆನ್ನಾಗಿ ಮಲಗುತ್ತೆ.

ಸಸ್ಯಾಹಾರಿಗಳು ಅಂದಿದ್ದೀರಲ್ಲ, ಇದರಲ್ಲೆಲ್ಲೂ ಸತ್ತ ಹಕ್ಕಿಯಾಗಲಿ ಬಂದೂಕಾಗಲಿ ಇಲ್ಲ ಅನ್ನೋದನ್ನು ಗಮನಿಸಿ. ಬಟ್ಟೆ ಡಮ್ಮಿಯನ್ನು ಹುಡುಕಿದರೂ ಸ್ಪ್ಯಾನಿಯಲ್‌ಗೆ ಅದೇ ಸಂತೋಷ. ನಿಮ್ಮ ಹತ್ತಿರ ಗನ್‌ಡಾಗ್ (ಬೇಟೆ ನಾಯಿ) ತರಬೇತಿ ತರಗತಿಗಳಿರುತ್ತವೆ, ಬೇಟೆಗೆ ಹೋಗದ ಮನೆಗಳಿಂದಲೂ ಜನ ಬರುತ್ತಾರೆ, ಸಂಕೋಚ ಪಡದೆ ಸೇರಿ. ಮೊದಲು ಒಬ್ಬರೇ ಹೋಗಿ ನೋಡಿ. ಹಗ್ಗ ಜಗ್ಗಿ, ಕೂಗಿ, ಮರಿಯ ಕುತ್ತಿಗೆ ಚರ್ಮ ಹಿಡಿದು ಅಲ್ಲಾಡಿಸುವ ಶಿಕ್ಷಕರಾದರೆ ಸುಮ್ಮನೆ ವಾಪಸ್ ಬನ್ನಿ. ವರ್ಕಿಂಗ್ ಕಾಕರ್‌ಗಳು ಮೇಲೆ ಗಟ್ಟಿ ಕಂಡರೂ ಒಳಗೆ ಮೆದು, ಒಮ್ಮೆ ಹೆದರಿದರೆ ಬಹಳ ದಿನ ನೆನಪಿಟ್ಟುಕೊಳ್ಳುತ್ತವೆ. ಕರೆಂಟ್ ಹೊಡೆಯುವ ಕಾಲರ್ ಬಗ್ಗೆ ಯಾರಾದರೂ ಹೇಳಿದರೆ ಬೇಡವೇ ಬೇಡ. ವೇಲ್ಸ್‌ನಲ್ಲಿ 2010ರಿಂದಲೇ ಅದಕ್ಕೆ ನಿಷೇಧ ಇದೆ.

ಊಟದ ವಿಷಯ ಚಿಕ್ಕದಾಗಿ. ಮೊಸರನ್ನದಲ್ಲಿ ಬೆಳೆಯುವ ಮರಿಗೆ ಬೇಕಾದ್ದೆಲ್ಲ ಸಿಗೋದಿಲ್ಲ. ಪೊಟ್ಟಣದ ಮೇಲೆ ‘ಕಂಪ್ಲೀಟ್’ ಅಂತ ಇರುವ, ಮರಿಗಳಿಗಾಗಿ ಮಾಡಿದ ಆಹಾರ ತನ್ನಿ. ‘ಕಾಂಪ್ಲಿಮೆಂಟರಿ’ ಅಂತ ಇದ್ದರೆ ಅದು ಪೂರ್ತಿ ಊಟ ಅಲ್ಲ. ಸಸ್ಯಾಹಾರಿ ನಾಯಿ ಆಹಾರವೂ ಇಲ್ಲಿ ಸಿಗುತ್ತೆ, ಆದರೆ ಬೆಳೆಯುವ ಮರಿಗೆ ಕೊಡುವ ಮೊದಲು ನಿಮ್ಮ ವೆಟ್ (ಪಶುವೈದ್ಯರು) ಹತ್ತಿರ ಮಾತಾಡಿ. ನಮ್ಮ ಅಡುಗೆಮನೆಯಲ್ಲಿ ನಾಯಿಗೆ ವಿಷವಾಗುವ ಸಾಮಾನು ಜಾಸ್ತಿ ಇರುತ್ತೆ: ಪಾಯಸ, ಕೇಸರಿಬಾತಿನ ದ್ರಾಕ್ಷಿ, ಸಾಂಬಾರು ಪಲ್ಯದ ಈರುಳ್ಳಿ ಬೆಳ್ಳುಳ್ಳಿ, ಮಕ್ಕಳ ಚಾಕಲೇಟು, ಕ್ಸೈಲಿಟಾಲ್ ಇರುವ ಶುಗರ್‌ಫ್ರೀ ಚ್ಯೂಯಿಂಗ್ ಗಮ್. ದ್ರಾಕ್ಷಿ ನಾಲ್ಕೇ ತಿಂದರೂ ‘ನೋಡೋಣ’ ಅಂತ ಕಾಯದೆ ವೆಟ್‌ಗೆ ಫೋನ್ ಮಾಡಿ. ಊರಿನಿಂದ ಅಜ್ಜಿ ತಾತ ಬಂದಾಗ ಇದನ್ನು ಮೊದಲೇ ಹೇಳಿ, ಪ್ರೀತಿಯಿಂದ ಕೈತುತ್ತು ಹಾಕುವವರು ಅವರೇ ತಾನೆ.

ಈಗ ಸಾಕ್ಸ್. ಬೆಲ್ಲ ಸಾಕ್ಸ್ ಎತ್ತಿದ್ದು ಕಳ್ಳತನ ಅಲ್ಲ. ಬಾಯಲ್ಲಿ ಏನಾದರೂ ಹಿಡಿದು ಓಡಾಡಬೇಕು ಅನ್ನೋದು ಅದರ ಹುಟ್ಟುಗುಣ. ಆಮೇಲೆ ನಡೆಯೋದು ಹೀಗೆ: ಮನೆಯವರೆಲ್ಲ ಕೂಗುತ್ತಾ ಬೆನ್ನಟ್ಟುತ್ತೀರಿ, ಮೂಲೆಗೆ ಸೇರಿಸುತ್ತೀರಿ, ದವಡೆ ಬಿಡಿಸಿ ಕಿತ್ತುಕೊಳ್ಳುತ್ತೀರಿ. ನಾಲ್ಕು ಸಲ ಹೀಗಾದರೆ, ಸಿಕ್ಕಿದ್ದನ್ನು ಟೇಬಲ್ ಕೆಳಗೆ ಒಯ್ಯಬೇಕು, ಹತ್ತಿರ ಬಂದವರನ್ನು ಹೆದರಿಸಬೇಕು ಅಂತ ಮರಿಗೆ ಗೊತ್ತಾಗುತ್ತೆ. ಕಾಕರ್‌ಗಳಲ್ಲಿ ಈ ತೊಂದರೆ ಬೇಗ ಬೇರೂರುತ್ತೆ. ಸರಿಯಾದ ದಾರಿಯನ್ನು ಗನ್‌ಡಾಗ್ ಕಲಿಸುವವರನ್ನೇ ನೋಡಿ ಕಲಿಯಬಹುದು, ನಾಯಿ ಹಕ್ಕಿ ತಂದರೆ ಅವರು ತಕ್ಷಣ ಕಿತ್ತುಕೊಳ್ಳೋದಿಲ್ಲ. ಸಾಕ್ಸ್ ಹಿಡಿದಿದೆ ಅಂದಾಗ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು, ಖುಷಿಯ ದನಿಯಲ್ಲಿ ಕರೆಯಿರಿ. ಬಂದರೆ ಸಾಕ್ಸ್ ಕಡೆ ನೋಡಬೇಡಿ, ಎದೆ ಸವರಿ, ‘ಎಷ್ಟು ಜಾಣ’ ಅನ್ನಿ, ಕೆಲವು ಕ್ಷಣ ಬಾಯಲ್ಲೇ ಇರಲಿ. ಆಮೇಲೆ ಮೂಗಿನ ಹತ್ತಿರ ಒಂದು ಚೂರು ಚೀಸ್. ಬಾಯಿ ಬಿಡುತ್ತೆ, ‘ಬಿಡು’ ಅನ್ನಿ, ಚೀಸ್ ಕೊಡಿ. ಅದರ ಸ್ವಂತ ಆಟಿಕೆಯಾಗಿದ್ದರೆ ಮತ್ತೆ ಅದಕ್ಕೇ ಕೊಟ್ಟುಬಿಡಿ. ಸಾಕ್ಸ್‌ಗಳನ್ನು ನೆಲದ ಮೇಲೆ ಬಿಡದ ಅಭ್ಯಾಸ ಮಕ್ಕಳಿಗೂ ಬರಲಿ.

ಮಕ್ಕಳಿಗೆ ಒಂದೇ ನಿಯಮ: ಮರಿಯ ಬಾಯಲ್ಲಿ ಏನಿದ್ದರೂ ಮುಟ್ಟಬಾರದು, ದೊಡ್ಡವರನ್ನು ಕರೆಯಬೇಕು. ತಿನ್ನುವಾಗ, ಮಲಗಿದಾಗ ಹತ್ತಿರ ಹೋಗಬಾರದು. ಗುರ್ ಅಂದಿದ್ದಕ್ಕೆ ಹೊಡೆಯಬೇಡಿ, ಬೈಯಬೇಡಿ. ‘ನನಗೆ ಭಯ ಆಗ್ತಿದೆ, ದೂರ ಹೋಗಿ’ ಅಂತ ಹೇಳಲು ನಾಯಿಗಿರುವ ಮಾತು ಅದು. ಆ ಮಾತನ್ನೇ ಬಾಯಿ ಮುಚ್ಚಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತೆ.

ಕೆಲವು ವಾರ ಹೀಗೆ ಮಾಡಿದ ಮೇಲೂ ಗುರ್ರೆನ್ನೋದು ಕಡಿಮೆಯಾಗದಿದ್ದರೆ, ಅಥವಾ ಚರ್ಮ ಸೀಳುವ ಹಾಗೆ ಕಚ್ಚಿದರೆ, ತಡಮಾಡದೆ ವೆಟ್‌ಗೆ ತೋರಿಸಿ, ಯಾಕೆಂದರೆ ಕಿವಿ ನೋವು ಹೊಟ್ಟೆ ನೋವು ಇದ್ದರೂ ಮರಿ ಸಿಡಿಮಿಡಿಗುಟ್ಟುತ್ತೆ. ಆಮೇಲೆ ವೆಟ್ ಮೂಲಕ ಬಿಹೇವಿಯರಿಸ್ಟ್ (ನಾಯಿಯ ನಡವಳಿಕೆಯ ತಜ್ಞರು) ಹತ್ತಿರ ಹೋಗಿ. ಬ್ರಿಟನ್ನಿನಲ್ಲಿ ಯಾರು ಬೇಕಾದರೂ ಡಾಗ್ ಟ್ರೈನರ್ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಅದಕ್ಕೇ ಎಬಿಟಿಸಿ ಅನ್ನೋ ಸಂಸ್ಥೆಯ ಪಟ್ಟಿಯಲ್ಲಿರುವವರನ್ನು ಹುಡುಕಿ.

ಇನ್ನೊಂದಷ್ಟು ಸಣ್ಣ ಮಾತುಗಳು. ಬೇಸಿಗೆಯಲ್ಲಿ ಒಣಹುಲ್ಲಿನ ಮುಳ್ಳಿನಂಥ ಬೀಜಗಳು ಸ್ಪ್ಯಾನಿಯಲ್‌ನ ಕಿವಿಗೂ ಬೆರಳ ಸಂದಿಗೂ ಹೊಕ್ಕು ಒಳಗೇ ಸಾಗುತ್ತವೆ. ದಿನಾ ವಾಕ್ ಮುಗಿದ ಮೇಲೆ ಕಿವಿ ಮಡಚಿ ನೋಡಿ, ಬೆರಳು ಬಿಡಿಸಿ ನೋಡಿ. ಇದ್ದಕ್ಕಿದ್ದ ಹಾಗೆ ತಲೆ ಕೊಡವಲು ಶುರು ಮಾಡಿದರೆ ಅವತ್ತೇ ವೆಟ್‌ಗೆ ಹೋಗಿ. ಕುರಿ ಇರುವ ಹೊಲದಲ್ಲಿ ಎಷ್ಟೇ ಒಳ್ಳೆಯ ನಾಯಿಯಾದರೂ ಬೆಲ್ಟ್ ಬಿಚ್ಚಬಾರದು, 1953ರ ಕಾನೂನಿನಿಂದಲೇ ಕುರಿಗಳಿಗೆ ತೊಂದರೆ ಕೊಡೋದು ಅಪರಾಧ. ಬೆಟ್ಟಬಯಲಿನ ಸಾರ್ವಜನಿಕ ಜಾಗಗಳಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗಾಗಿ ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರ್ ಮೀರದ ಲೀಷ್ ಕಡ್ಡಾಯ. ಹತ್ತು ಮೀಟರಿನ ಹಗ್ಗ ಅಲ್ಲಿ ನಡೆಯಲ್ಲ. ಮರಿ ಕೊಟ್ಟ ಗೇಮ್‌ಕೀಪರ್ ಹತ್ತಿರ ಅಪ್ಪ ಅಮ್ಮನ ಡಿಎನ್‌ಎ ಪರೀಕ್ಷೆಯ ಕಾಗದ ಇದೆಯಾ ಕೇಳಿ. ಕಾಕರ್‌ಗಳಲ್ಲಿ ಕಣ್ಣಿನ ಪಿಆರ್‌ಎ, ಮೂತ್ರಪಿಂಡದ ಎಫ್‌ಎನ್, ಪಾದದ ನೋವೇ ತಿಳಿಯದ ಎಎಂಎಸ್ ಕಾಯಿಲೆಗಳಿಗೆ ಪರೀಕ್ಷೆ ಇದೆ. ಇಲ್ಲ ಅಂದರೆ ಗಾಬರಿ ಬೇಡ, ವೆಟ್ ಮೂಲಕ ನೀವೇ ಮಾಡಿಸಬಹುದು.

ಇನ್ನು ಕೆಲವೇ ವಾರಗಳಲ್ಲಿ ಬೆಲ್ಲನಿಗೆ ಹದಿಹರೆಯ ಶುರು. ಕಲಿತ ಸೀಟಿಯೂ ಕೇಳಿಸದ ಹಾಗೆ ಮಾಡುವ ತಿಂಗಳುಗಳು ಬರುತ್ತವೆ. ಹೆಚ್ಚು ಜನ ಇಂಥ ಮರಿಗಳನ್ನು ಬಿಟ್ಟುಕೊಡುವ ಯೋಚನೆ ಮಾಡೋದು ಆಗಲೇ. ಹಗ್ಗ ಮತ್ತೆ ಕಟ್ಟಿ, ಜಾಗ ಚಿಕ್ಕದು ಮಾಡಿ, ಅಡುಗೆಮನೆಯ ಪಾಠದಿಂದ ಮತ್ತೆ ಶುರು ಮಾಡಿ. ಎರಡನೇ ಸಲ ಬೇಗ ಬರುತ್ತೆ. ಯಜಮಾನರಿಗೆ ಸಂಜೆಯ ಆ ಒಂದು ಗಂಟೆ ಮರಿಯ ಜೊತೆ ಕಳೆಯೋದು ಇಷ್ಟ ಅಂತ ಕಾಣುತ್ತೆ, ಅದನ್ನು ನಿಲ್ಲಿಸಬೇಡಿ. ಹದಿನೈದು ನಿಮಿಷ ಹುಲ್ಲಿನಲ್ಲಿ ಹುಡುಕಾಟ, ಹದಿನೈದು ನಿಮಿಷ ಬೆಂಚು, ಉಳಿದ ಹೊತ್ತು ಗಾಳಿಗೆ ಎದುರಾಗಿ ನಿಧಾನ ನಡಿಗೆ. ಮೂರು ವಾರ ಹೀಗೆ ಮಾಡಿ, ಸಂಜೆ ಏಳು ಗಂಟೆಗೆ ಮನೆಯಲ್ಲಿ ಹೇಗಿರುತ್ತೆ ಅಂತ ನನಗೆ ಬರೆಯಿರಿ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅನ್ನೋದನ್ನೂ ಸೇರಿಸಿ.